ದೊಡ್ಡಮ್ಮ ಆರಿಸಿದ ಚಾಕು

ಎಪ್ಪತ್ತರ ದಶಕದ ಮಾತು. ರಾಜಾಜಿನಗರದ ನಮ್ಮ ಎದುರುಮನೆಯ ದೊಡ್ಡಮ್ಮ ಬಿಂದಿಗೆಯಿರಲಿ, ಬಾಗಿಲಿರಲಿ, ಕುಂಬಳಕಾಯಿಯಿರಲಿ, ಕೊಳ್ಳುವ ಮುಂಚೆ ಬೆರಳ ಗಿಣ್ಣಿನಿಂದ ತಟ್ಟಿ ನೋಡುತ್ತಿದ್ದರು. "ಬಾಳಿಕೆ ಬರ್ಬೇಕು ಕಣಪ್ಪಾ" ಎನ್ನುತ್ತಿದ್ದರು.

ನಮ್ಮಣ್ಣ ತರಬೇತಿ ಮುಗಿಸಿ ಸೇನೆಯಲ್ಲಿ ಅಧಿಕಾರಿಯಾದಾಗ, ಅವನಿಗೊಂದು ಚಾಕು ಉಡುಗೊರೆ ಕೊಡಬೇಕೆಂದು ನನ್ನನ್ನೂ ಅಂಗಡಿಗೆ ಎಳೆದುಕೊಂಡು ಹೋದರು. ಅಂಗಡಿಯವನು ಬಣ್ಣದ ಹಿಡಿಯ ಚಾಕುಗಳನ್ನು ಹರಡಿದ. ದೊಡ್ಡಮ್ಮ ಕೈಚೀಲದಿಂದ ಸುವರ್ಣಗೆಡ್ಡೆ ತೆಗೆದು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕೊಯ್ಯತೊಡಗಿದರು.

"ಅಮ್ಮಾ, ಇದು ಅಂಗಡಿ, ಅಡುಗೆಮನೆ ಅಲ್ಲ!"

"ಗೆಡ್ಡೆಗೇ ಬಗ್ಗೋ ಚಾಕು ಗಡೀಲಿ ಏನ್ ಮಾಡುತ್ತಪ್ಪಾ?"

ಥಳಥಳಿಸುವ ಚಾಕುಗಳೆಲ್ಲ ಸೋತವು. ಮರದ ಹಿಡಿಯ, ನೋಡಲು ಚೆಂದವಿಲ್ಲದ ಒಂದು ಗೆದ್ದಿತು.

ಅಣ್ಣ ಹೊರಡುವ ದಿನ ಸಮವಸ್ತ್ರ ತೊಟ್ಟು, ಟೋಪಿಯನ್ನು ಕಂಕುಳಲ್ಲಿಟ್ಟು, ಚಾಕುವಿಗೆ ಕೈ ಚಾಚಿದ. ದೊಡ್ಡಮ್ಮ ಕೊಡಲಿಲ್ಲ. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂಬುದು ಅವರ ನಂಬಿಕೆ. ಅದನ್ನು ನೆಲದ ಮೇಲಿಟ್ಟು, "ಎತ್ಕೊಳಪ್ಪಾ" ಎಂದರು.

ಅಣ್ಣ ಬಗ್ಗಿದ. ಆ ಬಗ್ಗಿದ ತಲೆಯನ್ನು ಅವರು ಬೆರಳ ಗಿಣ್ಣಿನಿಂದ ಮೆಲ್ಲಗೆ ತಟ್ಟಿದರು.

"ಬಾಳಿಕೆ ಬರ್ಬೇಕು ಕಣಪ್ಪಾ."

ಚಾಕುವಿನ ಕಡೆ ಅವರು ನೋಡುತ್ತಲೇ ಇರಲಿಲ್ಲ.