ಹೊನ್ನೂರಮ್ಮನ ನೀಲಿ ಉರಿ

ಬಿಳಿಚೋಡಿನಿಂದ ನ್ಯಾಮತಿಗೆ ಮರಳುತ್ತಿದ್ದ ಮದುವೆಯ ದಿಬ್ಬಣದಲ್ಲಿ ಮದುಮಕ್ಕಳ ಗಾಡಿಯ ಅಚ್ಚು ಮುರಿಯಿತು. ಮದುಮಗ ಉಚ್ಚಂಗೆಪ್ಪ ಕಮ್ಮಾರ. ಮುರಿದದ್ದು ಆತನೇ ಬಡಿದು ಕೂರಿಸಿದ ಅಚ್ಚು. ದಿಬ್ಬಣದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾನ ಉಳಿಸಿಕೊಳ್ಳಲು ಆತ ಎಲ್ಲರೆದುರು ಮಾತು ಕೊಟ್ಟುಬಿಟ್ಟ: "ನಗ್ರಿ, ನಗ್ರಿ. ಮುಂದಿನ ಸಲ ಇವಳನ್ನ ತವರಿಗೆ ಕರ್ಕಂಡು ಹೋಗಾದು ಮೋಟಾರಿನಾಗೆ!" ಮದುಮಗಳು ಹೊನ್ನೂರಮ್ಮ ಸೆರಗಿನ ಮರೆಯಿಂದಲೇ ಅಂದಳು: "ಹಂಗಾದ್ರೆ ಅಲ್ಲೀತನಕ ನಾನು ತವರಿನ ಹೊಸಿಲು ತುಳಿಯಾದಿಲ್ಲ."

ಅದು ಸಾವಿರದ ಒಂಬೈನೂರ ಮೂವತ್ತಮೂರರ ಮಾತು. ಈಗ ನಲವತ್ತಮೂರು.

ನ್ಯಾಮತಿಯಲ್ಲಿ ಬೆಳ್ಳಿ ಮೂಡುವ ಹೊತ್ತು. ಕುಲುಮೆಗೆ ಒತ್ತಿಕೊಂಡೇ ಇರುವ ಸೋಗೆಯ ಚಪ್ಪರದ ಕೆಳಗೆ ಒಂದು ಹಳೆಯ ಬಸ್ಸು ನಿಂತಿದೆ. ಅದರ ಹಿಂಬದಿಗೆ ಆಳೆತ್ತರದ ಕಬ್ಬಿಣದ ಪೀಪಾಯಿಯೊಂದನ್ನು ಬಿಗಿದಿದ್ದಾರೆ. ಹೊನ್ನೂರಮ್ಮ ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿಯಿಂದ ಜಾಲಿಯ ಇದ್ದಿಲನ್ನು ಪೀಪಾಯಿಗೆ ಸುರಿಯುತ್ತಾಳೆ. ಕೆಳಗೆ ಕೆಂಡ ಇಟ್ಟು ತಿದಿ ಒತ್ತಲು ಕೂರುತ್ತಾಳೆ. ಮೈಯ ಭಾರವನ್ನೆಲ್ಲ ತೋಳಿಗೆ ಇಳಿಸಿ, ಉಸಿರು ಬಿಟ್ಟಷ್ಟೇ ಸಲೀಸಾಗಿ ಒತ್ತುತ್ತಾಳೆ. ಕಣ್ಣು ಮಾತ್ರ ಮೇಲಿನ ಕೊಳವೆಯ ಬಾಯಿಯ ಮೇಲೆ.

"ಮೊದ್ಲು ಬಿಳೀ ಹೊಗೆ. ಅದು ಬರೇ ಹೊಗೆ, ಕಣ್ಣುರಿಗೆ ಅಷ್ಟೇ," ಎನ್ನುತ್ತಾಳೆ ನೋಡಲು ನೆರೆದವರಿಗೆ. "ಆಮೇಲೆ ಏನೂ ಕಾಣಾದಿಲ್ಲ. ಆವಾಗ ಕಡ್ಡಿ ಗೀರಿ ಹಿಡೀಬೇಕು. ಉರಿ ನೀಲಿ ಬಂತೋ, ಮೋಟಾರಿಗೆ ಅಡಿಗೆ ಆತು ಅಂತ ತಿಳೀರಿ."

ಇದೇ ಬಸ್ಸು ಸಾವ್ಕಾರ ಸಣ್ಣತಿಮ್ಮಪ್ಪನವರ ಹಿತ್ತಿಲಿನಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಡ್ರೈವರ್ ಕೂರುವ ಜಾಗದಲ್ಲಿ ಕೋಳಿ ಕಾವು ಕೂರುತ್ತಿತ್ತು. ಯುದ್ಧ ಬಂದು ಪೆಟ್ರೋಲಿಗೆ ಕತ್ತರಿ ಬಿದ್ದ ಮೇಲೆ ಇದ್ದಿಲು ಕಾಯಿಸಿ ಬರುವ ಅನಿಲದಿಂದ ಓಡುವ ಬಸ್ಸುಗಳು ಬಂದವು. ಹೊನ್ನಾಳಿಯಲ್ಲಿ ಅಂಥದೊಂದನ್ನು ಕಂಡ ಉಚ್ಚಂಗೆಪ್ಪ ನೇರ ಸಾವ್ಕಾರರ ಜಗುಲಿಗೆ ಹೋದ. ರಿಪೇರಿ ಮಾಡಿಕೊಡುವುದಕ್ಕೆ ಅವನದು ಒಂದೇ ಕರಾರು: ಮೊದಲ ಓಟ ಬಿಳಿಚೋಡಿಗೆ. ಸಣ್ಣತಿಮ್ಮಪ್ಪ ನಕ್ಕರು. "ಅದು ಅಲ್ಲಾಡಿದ್ರೆ ಕಾಶಿಗೆ ಬೇಕಾದ್ರೂ ಹೋಗಯ್ಯ. ಕೋಳಿ ಎಬ್ಬಿಸಬ್ಯಾಡ, ಮರಿ ಆಗಾವರೆಗೆ ತಡಿ."

ಗೆದ್ದಲು ತಿಂದಿದ್ದ ಚಕ್ರದ ಕಡ್ಡಿಗಳಿಗೆ ಜಾಲಿ ಮರ ಬಂತು. ಗಾಡಿಯ ಚಕ್ರಕ್ಕೆ ಹಳಿ ಹಾಕುವ ಹಾಗೆಯೇ ಕಬ್ಬಿಣದ ಬಳೆಯನ್ನು ಕೆಂಪಗೆ ಕಾಯಿಸಿ, ಮರದ ಮೇಲಿಳಿಸಿ, ನೀರು ಹೊಯ್ದು ಕಚ್ಚಿಸಿದರು. ಸೋರುವ ರೇಡಿಯೇಟರಿಗೆ ರಾಗಿ ಹಿಟ್ಟು ಕದಡಿ ಸುರಿದರು. ಪೀಪಾಯಿ ಬೆಸೆದದ್ದೂ ಆಯಿತು. ಆದರೆ ಎಂಜಿನ್ನು ಮಾತ್ರ ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತಿತ್ತು. ಎಷ್ಟು ತಿದಿ ಒತ್ತಿದರೂ ಬೆಂಕಿ ಧಗಧಗ, ಮೋಟಾರು ತಣ್ಣಗೆ.

ತಪ್ಪು ಕಮ್ಮಾರನ ಕೈಯದೇ. ಕುಲುಮೆಯ ಬೆಂಕಿಗೆ ಇದ್ದಿಲು ಬೊಗಸೆಯಷ್ಟು ಸಾಕು. ಹೆಚ್ಚು ಹಾಕುವುದು ದಂಡ ಎಂದು ಅಪ್ಪನ ಕಾಲದಿಂದ ಕಲಿತ ಕೈ ಅದು. ಪೀಪಾಯಿಯ ತಳಕ್ಕೂ ಅಷ್ಟೇ ಹಾಕುತ್ತಿತ್ತು.

ಒಂದು ಸಂಜೆ ಹೊನ್ನೂರಮ್ಮ ಮಿಕ್ಕ ಇದ್ದಿಲನ್ನೆಲ್ಲ ಕುಲುಮೆಯ ಮೇಲೆ ರಾಶಿ ಸುರಿದು ಎಮ್ಮೆ ಕಟ್ಟಲು ಹೋಗಿದ್ದಳು. ಬಂದು ನೋಡಿದರೆ ರಾಶಿಯ ನೆತ್ತಿಯಲ್ಲಿ ತೆಳ್ಳಗೆ ನೀಲಿ ಉರಿ ಕುಣಿಯುತ್ತಿತ್ತು. ಕೆಂಡ ಎಲ್ಲೋ ಅಡಿಯಲ್ಲಿ, ಉರಿ ಇಷ್ಟು ಮೇಲೆ!

"ಏನ್ರೀ, ಇಲ್ಲಿ ಬರ್ರಿ. ಗಾಳಿನೇ ಉರಿಯಾಕೆ ಹತ್ತೈತೆ! ನಿಮ್ ಮೋಟಾರು ಕುಡಿಯಾದು ಇದನ್ನೇ ಅಲ್ಲೇನು? ಪೀಪಾಯಿ ಕುತ್ತಿಗೆಮಟ ತುಂಬ್ರಿ."

"ಅಷ್ಟು ಇದ್ದಿಲಾ? ಊರಿನ ಕುಡುಗೋಲೆಲ್ಲ ತಟ್ಟಬೋದು ಕಣೇ!"

"ಕುಡುಗೋಲು ಹತ್ಕಂಡು ತವರಿಗೆ ಹೋಗ್ಲೇನು?"

ಮರುದಿನ ಪೀಪಾಯಿ ತುಂಬಿತು. ಎಂಜಿನ್ನು ಒಮ್ಮೆ ನಡುಗಿ, ಗುಡುಗಿ, ಬಿಡದೆ ಓಡತೊಡಗಿತು. ಕೇರಿಯ ಜನ ಹೊಲದ ದಾರಿ ಮರೆತು ನಿಂತರು. ಉಚ್ಚಂಗೆಪ್ಪ ಈಗಲೂ ಕೇಳಿದವರಿಗೆ ಹೇಳುವುದು ಇಷ್ಟೇ: "ಕೈ ನಂದು. ಜೀವ ಊದಿದ್ದು ಆಕೆ."

ಅವಸರ ಇರುವುದು ಬಿಳಿಚೋಡಿನ ಕಡೆಯಿಂದ. ತಾಯಿ ಸುಂಕಲಮ್ಮ ಮಗಳ ಎರಡು ಬಾಣಂತನಕ್ಕೂ ತಾನೇ ಗಾಡಿ ಕಟ್ಟಿಸಿಕೊಂಡು ಬಂದಿದ್ದಳು. ಈಗ ಒಂದು ಕಣ್ಣಿಗೆ ಪೊರೆ ಮುಚ್ಚಿದೆ, ಇನ್ನೊಂದು ಮಸುಕಾಗುತ್ತಿದೆ ಎಂದು ಸಂತೆಗೆ ಬಂದವರು ಸುದ್ದಿ ತಂದರು. ಗಾಡಿಯಲ್ಲೇ ಹೋಗಿ ಬಾ ಎಂದು ಕೇರಿಯವರು ಹೇಳದೆ ಇಲ್ಲ. "ಹೋಗಬೋದಿತ್ತು. ಆಡಿದ್ದು ನಾನೇ, ನುಂಗಿದ್ರೆ ಯಾರು ಕೇಳ್ತಿದ್ರು?" ಎನ್ನುತ್ತಾಳೆ ಹೊನ್ನೂರಮ್ಮ. "ಆದ್ರೆ ಅವ್ವನೇ ಹೇಳಿ ಕಳಿಸ್ಯಾಳೆ, ಮೋಟಾರಿನಾಗೆ ಬಾ, ನೋಡ್ತೀನಿ ಅಂತ. ಆ ಕಣ್ಣು ಇರೋದ್ರಾಗೆ ಮುಟ್ಟಬೇಕು ನೋಡ್ರಿ."

ಕೊಳವೆಯ ಬಾಯಲ್ಲಿ ನೀಲಿ ಉರಿ ಹತ್ತುತ್ತದೆ. ಡ್ರೈವರ್ ಮೂಕಪ್ಪ ಹ್ಯಾಂಡಲ್ ತಿರುಗಿಸುತ್ತಾನೆ. ತನ್ನ ಪಕ್ಕದ ಸೀಟಿಗೆ ಮಡಿಸಿದ ಕಂಬಳಿ ಹಾಸಿ, "ಬಾರಕ್ಕ, ಇವತ್ತು ನೀನೇ ಸಾವ್ಕಾರ್ತಿ," ಎಂದು ಕರೆಯುತ್ತಾನೆ. ಹೊನ್ನೂರಮ್ಮ ಕೈ ತೊಳೆದು, ಹೂ ಮುಡಿದು ಕೂರುತ್ತಾಳೆ.

ಹೊನ್ನಾಳಿ ದಾಟಿದ ಮೇಲೆ ಮೊದಲ ಏರಿನಲ್ಲೇ ಬಸ್ಸು ಮುಗ್ಗರಿಸುತ್ತದೆ. ಹಿಂದೆ ನಿಂತಿದ್ದ ಉಚ್ಚಂಗೆಪ್ಪ ಇದ್ದಿಲನ್ನು ಕೆದಕುತ್ತಾನೆ, ಬೈಯುತ್ತಾನೆ, ಮತ್ತೆ ಕೆದಕುತ್ತಾನೆ. ಎಂಜಿನ್ನು ನಿಂತೇಬಿಡುತ್ತದೆ. ಹೊನ್ನೂರಮ್ಮ ಇಳಿದು ಹಿಂದಕ್ಕೆ ಬರುತ್ತಾಳೆ. "ಕಬ್ಬಿಣಕ್ಕೆ ಬಡಿದಂಗೆ ಚುಚ್ಚಿದ್ರೆ ಇದ್ದಿಲು ಪುಡಿ ಆಗ್ತೈತೆ, ಉಸಿರು ಕಟ್ತೈತೆ. ಸರೀರಿ ಅತ್ಲಾಗೆ. ಮುಂದೆ ಹೋಗಿ ಕುಂದರ್ರಿ ನೀವು."

ಪುಡಿ ಉದುರಿಸಿ ಆಕೆ ತಿದಿ ಒತ್ತುತ್ತಾಳೆ, ಎಂಜಿನ್ನು ಮತ್ತೆ ಗುಡುಗುತ್ತದೆ. ಅಲ್ಲಿಂದಾಚೆಗೆ ಹಿಂಬದಿಯ ಹಲಗೆಯ ಮೇಲೆ ಪೀಪಾಯಿಯ ಪಕ್ಕದಲ್ಲಿ ನಿಂತವಳು ಆಕೆಯೇ. ಕಂಬಳಿಯ ಮೇಲೆ ಕಮ್ಮಾರ ಕೂತಿದ್ದಾನೆ. ಕಪ್ಪು ನೆಲ ಕಳೆದು ಜಗಳೂರು ಸೀಮೆಯ ಕೆಂಪು ನೆಲ ಬರುತ್ತದೆ, ಕುರಿಮಂದೆಗಳು ಚೆದುರಿ ಓಡುತ್ತವೆ. ಹಗಲಿಡೀ ಆಕೆ ಬೆಂಕಿಯನ್ನು ಆರಗೊಡುವುದಿಲ್ಲ.

ಹೊತ್ತು ಇಳಿಯುವಾಗ ಬಿಳಿಚೋಡಿನ ಓಣಿಯಲ್ಲಿ ಬಸ್ಸು ನಿಲ್ಲುತ್ತದೆ. ಹೊನ್ನೂರಮ್ಮ ಇಳಿದು ಬಾಗಿಲ ಬಳಿಗೆ ನಡೆಯುತ್ತಾಳೆ. ಹೊಸ್ತಿಲಲ್ಲಿ ಕೂತ ಸುಂಕಲಮ್ಮ ಕೈಯನ್ನು ಹುಬ್ಬಿಗೆ ಹಿಡಿದು ದಿಟ್ಟಿಸುತ್ತಾಳೆ. ತುಂಬ ಹೊತ್ತು ದಿಟ್ಟಿಸುತ್ತಾಳೆ.

"ಏನೇ ಇದು, ಹೊನ್ನಿ, ಮುಖ ತುಂಬ ಮಸಿ? ಇವರಿಬ್ರೂ ಕುಂತ್ಕಂಡು ಬಂದ್ರು, ನಿನ್ನ ದೂಡ್ಕಂಡು ಬರಾಕೆ ಹಚ್ಚಿದ್ರೇನೆ?"

ಉಚ್ಚಂಗೆಪ್ಪ ಕೊಟ್ಟ ಮಾತು ನಡೆಯಿತು. ಹೊನ್ನೂರಮ್ಮ ಮೋಟಾರಿನಲ್ಲಿ ತವರಿಗೆ ಬಂದಳು.