ನಮ್ಮಜ್ಜಿಯ ಹೊತ್ತು

ಮೊನ್ನೆ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಅರಕಲಗೂಡಿನ ಬಸ್ಸಿಗೆ ಕಾಯುತ್ತ ಕೂತಿದ್ದಾಗ, ಹಿಂದಿನಿಂದ ಯಾರೋ ಹೆಂಗಸು "ಒತ್ತಿದ್ದಂಗೇ ಮನೆ ಸೇರ್ಕಬೇಕು, ಬಿರ್ನೆ ಬಾ" ಎಂದು ಮಗಳನ್ನು ಕರೆದಳು. ನಾನು ತಟ್ಟನೆ ತಿರುಗಿ ನೋಡಿದೆ. ಎಷ್ಟೋ ವರ್ಷದಿಂದ ಕಿವಿಗೆ ಬೀಳದಿದ್ದ ಮಾತು. ಈಗ ನಮ್ಮ ಮನೆಗಳಲ್ಲಿ ಟೈಮು ಇದೆ, ಲೇಟು ಇದೆ. ಹೊತ್ತು ಮಾತ್ರ ಇಲ್ಲ.

ಮಲ್ಲಿಪಟ್ಟಣದ ಹತ್ತಿರದ ನಮ್ಮೂರಿನ ಮನೆಯಲ್ಲಿ ಅಜ್ಜಿಗೆ ಸೂರ್ಯನೂ ಹೊತ್ತೇ, ಹಗಲೂ ಹೊತ್ತೇ, ಊಟವೂ ಹೊತ್ತೇ. ಹೊತ್ತು ಹುಟ್ಟುವ ಮುಂಚೆ ಏಳದವರು ಮೂರು ಹೊತ್ತು ತಿನ್ನಲು ಲಾಯಕ್ಕಿಲ್ಲ ಎನ್ನುವುದು ಅವಳ ಕಾನೂನು. ಹೊತ್ತು ನೆತ್ತಿಗೆ ಬಂದಾಗ ಹುಣಿಸೆಮರದಡಿ ಹೋಗಬಾರದು, ಹೊತ್ತು ಮುಳುಗಿದ ಮೇಲೆ ಉಪ್ಪು, ಮೊಸರು ಯಾರಿಗೂ ಕೊಡಬಾರದು. ಗಡಿಯಾರ ನೋಡಲು ಅವಳಿಗೆ ಬರುತ್ತಿರಲಿಲ್ಲ. ಸೂರಿನ ಗಾಜಿನ ಹೆಂಚಿನಿಂದ ಇಳಿದ ಬಿಸಿಲು ನಡುಮನೆಯಲ್ಲಿ ಎಲ್ಲಿಗೆ ಬಂತೆಂದು ನೋಡಿ ಒಲೆಯ ಮೇಲೆ ಎಸರಿಡುತ್ತಿದ್ದಳು. ಸಗಣಿ ಸಾರಿಸಿದ ನೆಲ ತಣ್ಣಗಿರುತ್ತಿತ್ತು. ಮಕ್ಕಳೆಲ್ಲ ಆ ಬಿಸಿಲಿನ ತುಂಡಿಗೆ ಅಂಗಾಲು ಚಾಚಿ ಕಾಯಿಸಿಕೊಳ್ಳುತ್ತಿದ್ದೆವು. ನಿಮ್ಮ ಮನೆಯಲ್ಲೂ ಅಂಥದೊಂದು ತುಂಡು ಇದ್ದಿರಬೇಕು.

ಅಜ್ಜಿಯ ಕಾನೂನುಗಳಲ್ಲಿ ದೊಡ್ಡದೆಂದರೆ, ಹೊತ್ತು ಮುಳುಗಿ ದೀಪ ಹಚ್ಚಿದ ಮೇಲೆ ಮನೆಮಗಳನ್ನು ಗಂಡನ ಮನೆಗೆ ಕಳಿಸಬಾರದು ಎಂಬುದು. ಕಳಿಸಿದರೆ ಲಕ್ಷ್ಮಿಯೂ ಹಿಂದೆಯೇ ಹೊರಟುಬಿಡುತ್ತಾಳಂತೆ. ಅಪ್ಪನ ತಂಗಿ ಜಯತ್ತೆಯನ್ನು ಚನ್ನರಾಯಪಟ್ಟಣದ ಕಡೆಗೆ ಕೊಟ್ಟಿತ್ತು. ಒಂದು ಸಲ ಅವಳು ಬರಿಗೈಯಲ್ಲಿ, ಊದಿದ ಕೆನ್ನೆಯಲ್ಲಿ ತವರಿಗೆ ಬಂದಳು. ವಾರ ಕಳೆಯುವಷ್ಟರಲ್ಲಿ ಗಂಡ ಬಂದು ಜಗಲಿಯಲ್ಲಿ ಕೂತು, ಸಂಜೆ ಬಸ್ಸಿಗೆ ಹೆಂಡತಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದು ತಾತ ತಲೆ ತಗ್ಗಿಸಿದರು. ಅಜ್ಜಿ ಎದುರಾಡಲಿಲ್ಲ. ಅಳಿಯ ಬಂದರೆ ಕೋಳಿ ಕುಯ್ಯದೆ ಕಳಿಸುವುದುಂಟೇ ಎಂದಳು. ತಾನೇ ಮಂಕರಿ ಎತ್ತಿ ಅದರಡಿಯ ಕೋಳಿಗಳನ್ನೆಲ್ಲ ಓಡಿಸಿ, ಹಿಡಿಯಿರಿ ಎಂದು ನಮ್ಮನ್ನು ಅಟ್ಟಿದಳು. ಹಿಡಿದು ತಂದರೆ ಇದಲ್ಲ, ಆ ಹುಂಜ ಎಂದಳು. ಖಾರ ನುಣ್ಣಗಾಗಲಿಲ್ಲವೆಂದು ಅಮ್ಮನ ಕೈಲಿ ಮತ್ತೆ ಅರೆಸಿದಳು. ಜಯತ್ತೆ ಮೂಲೆಯಲ್ಲಿ ಕೂತು ಅಜ್ಜಿಯದೇ ಸೀರೆಯೊಂದನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು.

ಏನೇ ಮಾಡಿದರೂ, ಅಳಿಯ ಉಂಡು ಕೈ ತೊಳೆದಾಗ ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ಅಜ್ಜಿ ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿದಳು. ಹೊಸಲಿಗೂ ಒಂದು ತಂದಿಟ್ಟಳು. ಆ ಬೆಳಕಿನಲ್ಲಿ ದೀಪದ ಉರಿ ಕಾಣಲೇ ಇಲ್ಲ, ಎಣ್ಣೆ ವಾಸನೆಯಷ್ಟೇ ಬಂತು.

"ಇನ್ನೂ ಒತ್ತೈತಲ್ಲ ಅತ್ತೆಮ್ಮ" ಎಂದ ಅಳಿಯ.

"ನಿಮ್ಮೂರಲ್ಲಿ ಇರ್ಬೋದು ಅಳಿಮಯ್ಯ. ನಮ್ಮನೇಲಿ ಮುಳುಗೋಯ್ತು."

ಅವನು ತಾತನ ಮುಖ ನೋಡಿದ. ತಾತ ಅಂಗಳ ನೋಡಿದರು, ದೀಪ ನೋಡಿದರು. ಆಮೇಲೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡೇ, ಕತ್ತಲಾಯಿತು, ಇನ್ನು ಮಗಳನ್ನು ಕಳಿಸುವುದಿಲ್ಲ ಎಂದರು. ತಾತನ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ. ಅಳಿಯ ಒಬ್ಬನೇ ಬಸ್ಸು ಹತ್ತಿದವನು ಮತ್ತೆ ಬರಲಿಲ್ಲ. ಜಯತ್ತೆ ಹೊಳೆನರಸೀಪುರದಲ್ಲಿ ಟೈಲರಿಂಗ್ ಕಲಿತು, ಊರವರ ರವಿಕೆ ಹೊಲಿಯುತ್ತ ನಮ್ಮ ಜೊತೆಯಲ್ಲೇ ಉಳಿದಳು.

ತುಂಬ ವರ್ಷದ ಮೇಲೆ ಒಮ್ಮೆ ಅವಳನ್ನು ಕೇಳಿದ್ದೆ: ಹೋಗಬೇಡ ಎಂದು ಅಜ್ಜಿ ನೆಟ್ಟಗೆ ಹೇಳಿದ್ದರೆ ಏನು ಮಾಡುತ್ತಿದ್ದೆ?

"ಓಗ್ತಿದ್ದೆ ಕಣವ್ವ. ಅಪ್ಪನ್ನ ಅಂಗೆ ತಲೆ ತಗ್ಗಿಸ್ಬುಟ್ಟು ಇರಕಾಯ್ತದಾ? ಒತ್ತು ಮುಳುಗ್ತು ಅಂದ್ಲಲ್ಲ ಅವ್ವ, ಅದ್ಕೇ ಉಳ್ಕಂಡೆ."

ಅಜ್ಜಿ, ತಾತ ಎಂದೋ ಹೋದರು. ಹೋದ ವರ್ಷ ಜಯತ್ತೆಯೂ ಹೋದಳು. ಹೆಂಚಿನ ಮನೆ ಇದ್ದ ಜಾಗದಲ್ಲಿ ಅಣ್ಣ ಆರ್‌ಸಿಸಿ ಮನೆ ಕಟ್ಟಿಸಿದ್ದಾನೆ. ಅತ್ತಿಗೆ ಒಳ್ಳೆಯವರು, ನಾನು ಹೋದರೆ ಪ್ರೀತಿಯಿಂದಲೇ ನೋಡಿಕೊಳ್ಳುತ್ತಾರೆ. ಮೊನ್ನೆಯೂ ಹೊರಡುವಾಗ ಆಗಲೇ ಮಬ್ಬುಗತ್ತಲೆ. ಏನೂ ಅವಸರವಿಲ್ಲ, ಹಾಸನಕ್ಕೆ ಇನ್ನೂ ಬಸ್ಸಿದೆ, ಆರಾಮಾಗಿ ಹೋಗಬಹುದು ಎಂದರು. ನಾನು ಈಗ ತವರಿನಿಂದ ಯಾವ ಹೊತ್ತಿಗೆ ಬೇಕಾದರೂ ಹೊರಡಬಹುದು. ತಡೆಯುವವರು ಯಾರೂ ಇಲ್ಲ.