ಸರ್ಕಾರ, ಮಾಲೀಕ ಮತ್ತು ಶೇಖಮ್ಮನ ಬಲಗಣ್ಣು

ಮಸ್ಕಿ ಬಸ್ ನಿಲ್ದಾಣದ ಎದುರಿಗಿದ್ದ ಕರಿಬಸಪ್ಪನ ಖಾನಾವಳಿಯಲ್ಲಿ ಎರಡು ಪದಾರ್ಥ ಯಾವತ್ತೂ ಬಿಸಿಬಿಸಿಯಾಗಿ ಸಿಗುತ್ತಿದ್ದವು. ಒಂದು ಶೇಖಮ್ಮ ಬಡಿದ ಜೋಳದ ರೊಟ್ಟಿ, ಇನ್ನೊಂದು ಶೇಖಮ್ಮನ ಕಣ್ಣಿನ ಮೇಲಿನ ಚರ್ಚೆ. ರೊಟ್ಟಿ ಒಳಗಿನ ಒಲೆಯಿಂದ ಬರುತ್ತಿತ್ತು, ಚರ್ಚೆ ಗಲ್ಲಾಪೆಟ್ಟಿಗೆಯ ಪಕ್ಕದ ಮೇಜಿನಿಂದ.

ಶೇಖಮ್ಮ ಮುಕ್ಕುಂದದ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯ ಅನ್ನಕ್ಕೆ ಕೈಚಾಚದೆ ಖಾನಾವಳಿಯ ಹಿಟ್ಟಿಗೆ ಕೈ ಹಾಕಿದವಳು. ಅವಳ ರೊಟ್ಟಿ ತಿಂದೇ ಮಸ್ಕಿಯಲ್ಲಿ ಎಷ್ಟೋ ಹುಡುಗರು ಎಸ್ಸೆಸ್ಸೆಲ್ಸಿ ಪಾಸಾಗಿದ್ದರು. ಫೇಲಾದವರೂ ಅದನ್ನೇ ತಿಂದಿದ್ದರು. ಈಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣಿಗಂತೂ ಹಂಚು ಯಾವುದು, ರೊಟ್ಟಿ ಯಾವುದು ತಿಳಿಯುತ್ತಿರಲಿಲ್ಲ. ಕೈಯ ಅಂದಾಜಿನ ಮೇಲೆ ಒಲೆ ನಡೆದಿತ್ತು.

ಲಿಂಗಸುಗೂರಿನ ಸರ್ಕಾರಿ ದವಾಖಾನೆಯಲ್ಲಿ ಪೊರೆ ತೆಗೆಯುವುದು ಪುಕ್ಕಟೆ. ಆದರೆ ಆಮೇಲೆ ಒಂದು ತಿಂಗಳು ಬೆಂಕಿಯ ಮುಂದೆ ಕೂಡಬಾರದೆಂದು ಡಾಕ್ಟರಮ್ಮ ಹೇಳಿದ್ದರು. ಆ ತಿಂಗಳ ಪಗಾರ ಯಾರು ಕೊಡಬೇಕು? ಶೇಖಮ್ಮನಿಗೆ ಇದು ಹೊಟ್ಟೆಯ ಪ್ರಶ್ನೆ. ಮೇಜಿನ ಹತ್ತಿರ ಕೂತವರಿಗೆ ಸಿದ್ಧಾಂತದ ಪ್ರಶ್ನೆ.

ಮೇಜಿನ ಈಚೆ ಮಾಲೀಕ ಕರಿಬಸಪ್ಪ. ಅರವತ್ತರ ಹತ್ತಿರ ಬಂದರೂ ಮೀಸೆ ಕಾಡಿಗೆಗಪ್ಪು. ಅದು ತಮ್ಮ ವಂಶದ ಗುಣ ಎಂದು ಕೇಳದವರಿಗೂ ಹೇಳುತ್ತಿದ್ದ. ಆಚೆ ನಿವೃತ್ತ ಶಿರಸ್ತೇದಾರ ಸಂಗನಬಸವ. ಅವನು ನೌಕರಿಯಿಂದ ನಿವೃತ್ತನಾಗಿದ್ದರೂ ಅವನ ಬಾಯಿಯೊಳಗಿನ ಸರ್ಕಾರ ಇನ್ನೂ ನಿವೃತ್ತವಾಗಿರಲಿಲ್ಲ. ಕಾಲುವೆಗೆ ನೀರು ತಡವಾದರೂ "ನಾವು ನೋಡಾಕತ್ತೀವಿ" ಎನ್ನುತ್ತಿದ್ದ.

ಕಣ್ಣು ಹೋದದ್ದು ಮಾಲೀಕನ ಹೊಗೆಯಲ್ಲಿ, ಆದ್ದರಿಂದ ಮಾಲೀಕನೇ ಕೊಡಬೇಕು ಎಂಬುದು ಸಂಗನಬಸವನ ವಾದ. ಕಣ್ಣಿಗೆ ಕೈ ಹಚ್ಚಿದ ಸರ್ಕಾರವೇ ಅದು ಮಾಯುವ ತನಕ ಸಾಕಬೇಕು, ತೆರಿಗೆ ಕಟ್ಟುವುದು ಯಾತಕ್ಕೆ ಎಂಬುದು ಕರಿಬಸಪ್ಪನ ವಾದ. ಹತ್ತು ಮಂದಿ ಆಳುಗಳಿದ್ದರೆ ಕಾನೂನು ಬರುತ್ತದೆ ಎಂದು ಸಂಗನಬಸವ ಹೆದರಿಸಿದರೆ, ತನ್ನಲ್ಲಿರುವುದು ಶೇಖಮ್ಮ, ಒಬ್ಬ ನೀರಿನವನು, ಒಂದು ಬೆಕ್ಕು ಎಂದು ಕರಿಬಸಪ್ಪ ಲೆಕ್ಕ ಒಪ್ಪಿಸುತ್ತಿದ್ದ. ಯಾರೇ ಒಳ್ಳೆಯ ಮಾತಾಡಲಿ, ಒಳಗಿನಿಂದ ಪಟಪಟ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಇಬ್ಬರೂ ಅದನ್ನು ತಮಗೆ ಬಿದ್ದ ಚಪ್ಪಾಳೆಯೆಂದೇ ತಿಳಿದಿದ್ದರು. ಹೀಗಾಗಿ ಚರ್ಚೆ ಎರಡು ವರ್ಷ ಬಾಳಿತು.

ಒಂದು ಮಧ್ಯಾಹ್ನ ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಊಟಕ್ಕೆ ನಿಂತಿತ್ತು. ಬೆಂಚುಗಳೆಲ್ಲ ಭರ್ತಿ. ಒಳಗೆ ಶೇಖಮ್ಮ ರೊಟ್ಟಿಯೆಂದು ತಿಳಿದು ಅಂಗೈಯನ್ನು ಕಾದ ಹಂಚಿನ ಮೇಲೆಯೇ ಊರಿದಳು. ಕೈಯನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಕೂತಾಗ, ಇದು ಅವಸರದಲ್ಲಿ ತೀರ್ಮಾನಿಸುವ ವಿಷಯವಲ್ಲ ಎಂದು ಸಂಗನಬಸವ ಹೇಳುವುದು ಕೇಳಿಸಿತು.

ಶೇಖಮ್ಮ ಉರಿಯುವ ಕಟ್ಟಿಗೆಯನ್ನು ಹಿಂದಕ್ಕೆಳೆದು, ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. ಮಂದಿ ಉಣ್ಣುವಾಗ ಅವಳು ಅಡುಗೆಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ಎಲ್ಲರೂ ಎದ್ದುಹೋದ ಮೇಲೆ ಒಲೆಯ ಮುಂದೆಯೇ ಅವಳ ಊಟ. ಅಂಥವಳು ಬಂದು ಆ ಮೇಜಿನ ಮೂರನೆಯ ಕುರ್ಚಿಯಲ್ಲಿ ಕೂತಾಗ, ಒಲೆಯೇ ನಡೆದು ಬಂದಂತೆ ಕರಿಬಸಪ್ಪ ನೋಡಿದ.

"ಏನ್ಬೇ ಶೇಖಮ್ಮ, ಒಲಿ ಬಿಟ್ಟು ಬಂದಿ?"

"ನನ್ನ ಕಣ್ಣಿನ ಮಾತು ನಡದೈತಿ ಅಂತ ಬಂದೀನ್ರಿ. ಇವರು ಸರ್ಕಾರ, ನೀವು ಮಾಲಕರು. ಇಬ್ಬರೂ ಇಲ್ಲೇ ಅದೀರಿ. ಇನ್ಯಾರು ಬರಬೇಕ್ರಿ?"

ಸಂಗನಬಸವ ಗಂಟಲು ಸರಿಮಾಡಿಕೊಂಡು, ಸರ್ಕಾರದ ಕೆಲಸಕ್ಕೆ ಟೈಮ್ ಹಿಡಿಯುತ್ತದೆ ಎಂದ.

"ಹಿಡೀಲಿ ತಗೋರಿ," ಎಂದಳು ಶೇಖಮ್ಮ. "ಅಲ್ಲೀತನ ರೊಟ್ಟಿಗೂ ಟೈಮ್ ಹಿಡೀತೈತಿ."

ಅಷ್ಟು ಹೊತ್ತು ಚರ್ಚೆಯನ್ನು ಉಪ್ಪಿನಕಾಯಿಯಂತೆ ನಂಜಿಕೊಳ್ಳುತ್ತಿದ್ದ ಬೆಂಚಿನವರಿಗೆ ಥಟ್ಟನೆ ನ್ಯಾಯಬುದ್ಧಿ ಬಂತು. ಒಂದೇ ರೊಟ್ಟಿಗೆ ನಿಂತುಹೋಗಿದ್ದ ಕಂಡಕ್ಟರ್ ನಾಸೀರ್, ಅರ್ಧ ಹೊಟ್ಟೆಯಲ್ಲಿ ಸೀಟಿ ಊದಲು ಬರುವುದಿಲ್ಲ ಎಂದು ತಕರಾರು ತೆಗೆದ. ಹೊಗೆ ಮಾಲೀಕನದು, ತಿಂಗಳ ಪಗಾರವೂ ಮಾಲೀಕನದು. ಕತ್ತರಿ ಸರ್ಕಾರದ್ದು, ಕೈಹಿಡಿದು ಕರೆದುಕೊಂಡು ಹೋಗುವುದೂ ಸರ್ಕಾರದ್ದೇ ಎಂದು ಖಾಲಿ ತಾಟುಗಳೆಲ್ಲ ಒಮ್ಮತದಿಂದ ತೀರ್ಪು ಕೊಟ್ಟವು.

ಕರಿಬಸಪ್ಪ ಮೀಸೆ ನೀವಿಕೊಂಡು ದೊಡ್ಡ ಮನಸ್ಸು ಮಾಡಿದ. "ಆತು, ಧರ್ಮ ಅಂತ ಕೊಡ್ತೀನಿ."

"ಧರ್ಮ ಬ್ಯಾಡ್ರಿ. ಪಗಾರ ಅಂತ ಕೊಡ್ರಿ."

ಕರಿಬಸಪ್ಪ ಬೆಂಚುಗಳನ್ನು ನೋಡಿದ, ತಾಟುಗಳನ್ನು ನೋಡಿದ, ಕೊನೆಗೆ ಅವಳ ಅಂಗೈ ಮೇಲೆದ್ದ ಬೊಬ್ಬೆಯನ್ನು ನೋಡಿದ. "ಪಗಾರ ಅಂತನ ಕೊಡ್ತೀನಿ," ಎಂದ, ತಾನೇ ಈಗ ಕಾನೂನು ಮಾಡಿದವನ ಧಾಟಿಯಲ್ಲಿ.

ಸರ್ಕಾರದ ಸರದಿ ಬಂದಾಗ ಸಂಗನಬಸವನ ಬಾಯಿಯಿಂದ ಹಳೆಯ ರೂಢಿಯ ಮೇಲೆ "ನಾಳಿ ಬಾ" ಎಂಬ ಮಾತು ಬಿದ್ದುಬಿಟ್ಟಿತು. ಖಾನಾವಳಿಗೆ ಖಾನಾವಳಿಯೇ ನಕ್ಕಿತು.

"ಗಾಡಿ ಲಿಂಗಸೂರಿಗೇ ಹೊಂಟೈತ್ರಿ," ಎಂದ ನಾಸೀರ್. "ಅಕ್ಕಾರಿಗೆ ಪುಕ್ಕಟೆ. ಸರ್ಕಾರ ಮಾತ್ರ ಟಿಕೆಟ್ ತಗೋಬೇಕು."

ಶೇಖಮ್ಮ ಮೊದಲು ಒಳಗೆ ಹೋಗಿ, ಸುಡದ ಕೈಗೇ ಹೆಚ್ಚು ಭಾರ ಕೊಟ್ಟು ಎಲ್ಲರಿಗೂ ರೊಟ್ಟಿ ಬಡಿದಳು. ಬಸ್ಸು ಕಾಯಿತು. ಆ ಸದ್ದು ಯಾರಿಗೆ ಚಪ್ಪಾಳೆಯೆಂದು ಅವತ್ತು ಯಾರೂ ಕೇಳಬೇಕಾಗಿರಲಿಲ್ಲ.

ಅವತ್ತು ಇಬ್ಬರೂ ದವಾಖಾನೆಗೆ ಹೋಗಿ ಹೆಸರು ಬರೆಸಿ ಬಂದರು. ಬಲಗಣ್ಣಿನ ಪೊರೆ ತೆಗೆದದ್ದು ಆಮೇಲೆ ಡಾಕ್ಟರಮ್ಮ ಹೇಳಿದ ದಿನ. ಸಂಗನಬಸವ ಮತ್ತೆ ಟಿಕೆಟ್ ತೆಗೆದುಕೊಂಡು ಹೋಗಿಬಂದ. ಬಂದವನು "ನಾವು ಆಪರೇಷನ್ ಮಾಡಿದ್ವಿ" ಎಂದು ಊರೆಲ್ಲ ಸಾರಿದ. ಶೇಖಮ್ಮನ ಬದಲಿಗೆ ಸಾಲಗುಂದದಿಂದ ಕರೆತಂದ ಹೆಂಗಸು ಹೊಗೆಗೆ ಹೆದರಿ ಓಡಿಹೋದ್ದರಿಂದ ರೊಟ್ಟಿಗೆ ಕರಿಬಸಪ್ಪನೇ ಕೂತ. ಅದನ್ನು ಅವನು ಮೇಲುಸ್ತುವಾರಿ ಎಂದು ಕರೆದ. ಅವನ ರೊಟ್ಟಿ ಹೊಸ ಮಸ್ಕಿ ತಾಲ್ಲೂಕಿನ ನಕ್ಷೆಯ ಹಾಗಿತ್ತು, ಗಡಿ ತಕರಾರುಗಳ ಸಮೇತ. ಶೇಖಮ್ಮ ಕಪ್ಪು ಕನ್ನಡಕ ಹಾಕಿಕೊಂಡು ದಿನಾ ಮಧ್ಯಾಹ್ನ ಮೂರನೆಯ ಕುರ್ಚಿಯಲ್ಲಿ ಕೂತು ಅದನ್ನೇ ಉಂಡಳು. ಕೊರತೆ ಮಾತ್ರ ಹೇಳಲಿಲ್ಲ.

ತಿಂಗಳು ತುಂಬಿ ಪಗಾರ ಕೈಗೆ ಬಂದ ದಿನ ಅವಳು ಕನ್ನಡಕ ತೆಗೆದಳು. ಗೋಡೆಯ ಮಸಿ ಕಂಡಿತು, ಬೆಕ್ಕಿನ ಮೀಸೆ ಕಂಡಿತು. ಬೆವರು ಸುರಿಸುತ್ತ ಒಳಗಿನಿಂದ ಬಂದ ಮಾಲೀಕನ ಮೀಸೆಯೂ ಕಂಡಿತು.

"ಮಾಲಕ್ರ, ವಂಶದ ಗುಣ ಗದ್ದಕ್ಕ ಇಳಿಯಾಕತ್ತೈತಿ. ಒರಸ್ಕೋರಿ."

ಕರಿಬಸಪ್ಪ ಒರೆಸಿಕೊಂಡ. ಟವಲು ಕಪ್ಪಾಯಿತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ಸಂಗನಬಸವನ ಕಡೆಗೆ ಅವಳು ತಿರುಗಿದಳು.

"ಎಡಗಣ್ಣು ಇನ್ನ ಹಂಗ ಐತ್ರಿ. ಚರ್ಚಾ ಮಾಡ್ತೀರೇನು?"

ಸರ್ಕಾರ ಎದ್ದು, ಲಿಂಗಸುಗೂರು ಗಾಡಿ ಎಷ್ಟೊತ್ತಿಗೆಂದು ಬೆಂಚಿನ ಮೇಲೆ ಉಣ್ಣುತ್ತಿದ್ದ ನಾಸೀರನನ್ನು ಕೇಳಿತು. ಮಾಲೀಕ ಹಿಟ್ಟು ನಾದಲು ಒಳಗೆ ಹೋದ.